ಅತ್ತೆಯ, ಮಕ್ಕಳ ಜತೆ ನಡೆಯುವ ದಾರಿಗೊಂದು ಫಲಕ ಹಾಕಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ರಜೆ ಶುರುವಾಯಿತೆಂದರೆ ಸಾಕು, ಪತ್ರಿಕೆಗಳ ಪುರವಣಿಯಲ್ಲಿ ಒಂದೇ ಉಪದೇಶ: ಮಕ್ಕಳ ಕೈಯಿಂದ ಮೊಬೈಲ್ ಬಿಡಿಸಿ, ಗುಡ್ಡ ಬೆಟ್ಟ ಸುತ್ತಿಸಿ. ಪಕ್ಕದಲ್ಲಿ ಕುದುರೆಮುಖದ ಹಸಿರು ಇಳಿಜಾರಿನ ಚಿತ್ರ. ತಮ್ಮ ಪತ್ರಿಕೆಯೂ ಇದಕ್ಕೆ ಹೊರತಲ್ಲ. ಉಪದೇಶದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಯಾವ ಬಸ್ಸು ಹಿಡಿಯಬೇಕು, ಎಷ್ಟು ಹೊತ್ತು ನಡೆಯಬೇಕು, ಅರ್ಧ ದಾರಿಯಲ್ಲಿ ಮಗು ‘ಒಂದಕ್ಕೆ ಬಂತು’ ಎಂದರೆ ಏನು ಮಾಡಬೇಕು ಎಂಬುದನ್ನು ಯಾರೂ ಬರೆಯುವುದಿಲ್ಲ. ಆ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಜಾಗ ಸಾಲದಿದ್ದರೆ ಕತ್ತರಿಸಿಕೊಳ್ಳಿ, ಕತ್ತರಿ ಹಿಡಿಯುವವರ ಕಷ್ಟ ನನಗೂ ಗೊತ್ತು.

ನಾನು ಪರ್ಕಳದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ವಾರವಿಡೀ ಮೆಷಿನ್ನಿನ ಮುಂದೆ ಕುಳಿತ ಬೆನ್ನಿಗೆ ಭಾನುವಾರವೊಂದೇ ಬಿಡುವು, ಮದುವೆಯ ಸೀಸನ್ನಿನಲ್ಲಿ ಅದೂ ಇಲ್ಲ. ಮನೆಯಲ್ಲಿ ಐದನೆಯ ತರಗತಿಯ ಮಗಳು, ಈ ವರ್ಷವಷ್ಟೇ ಶಾಲೆಗೆ ಸೇರಿದ ಮಗ, ಮೊಣಕಾಲು ನೋವಿನ ಅತ್ತೆ, ನಾನು, ನನ್ನವರು. ಇರುವುದೊಂದೇ ಸ್ಕೂಟರ್. ಹೀಗಾಗಿ ನಾವು ಎಲ್ಲಿಗೆ ಹೊರಟರೂ ಬಸ್ಸು, ಬಸ್ಸು ಹೋಗದ ಕಡೆ ರಿಕ್ಷಾ. ವೈದ್ಯರು ಅತ್ತೆಗೆ ದಿನಾ ನಡೆಯಿರಿ ಎಂದಿದ್ದಾರೆ. ನಮ್ಮ ಮನೆಯ ಮುಂದಿನ ಹೆದ್ದಾರಿಯಲ್ಲಿ ನಡೆಯುವುದೆಂದರೆ ಮೊಣಕಾಲಿನ ನೋವು ವಾಸಿಯಾಗುವ ಮೊದಲು ಬೇರೇನಾದರೂ ಆದೀತು.

ಮೊಬೈಲಿನಲ್ಲಿ ಹುಡುಕಿದರೆ ‘ಸುಲಭ, ಕುಟುಂಬದೊಂದಿಗೆ ಹೋಗಬಹುದು’ ಎಂಬ ಶಿಫಾರಸಿನೊಂದಿಗೆ ಗಡಾಯಿಕಲ್ಲು ಎದುರಾಗುತ್ತದೆ. ಬೆಳ್ತಂಗಡಿಯ ಆ ಬಂಡೆಯ ಮೇಲೆ ಟಿಪ್ಪು ಸುಲ್ತಾನ್ 1794ರಲ್ಲಿ ಕೋಟೆ ಕಟ್ಟಿಸಿದ್ದು ಅದನ್ನು ಸುಲಭವಾಗಿ ಹತ್ತಲಾಗದು ಎಂಬ ಕಾರಣಕ್ಕೇ. ಏರುವುದಕ್ಕೆ ಒಂದೇ ಕಡಿದಾದ ದಾರಿ, ಬಂಡೆಯಲ್ಲೇ ಕಡಿದ ಮೆಟ್ಟಿಲು. ಶತ್ರುವಿಗೆ ಕಷ್ಟವಾಗಲೆಂದು ಆರಿಸಿದ ಜಾಗ ನಮ್ಮ ಅತ್ತೆಗೆ ಸುಲಭವಾದೀತೇ? ಇಂಥ ಶಿಫಾರಸು ಬರೆಯುವ ಹುಡುಗರ ಲೆಕ್ಕದಲ್ಲಿ ಕುಟುಂಬ ಎಂದರೆ ಕಾಲೇಜಿನ ಗೆಳೆಯರೇ ಇರಬೇಕು. ಜಲಪಾತಗಳ ಮಾತಂತೂ ಬೇಡವೇ ಬೇಡ. 2023ರ ಜುಲೈಯಲ್ಲಿ ಕೊಲ್ಲೂರಿನ ಬಳಿಯ ಅರಸಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕ ಕಾಲು ಜಾರಿ ನೀರುಪಾಲಾದ ವಿಡಿಯೊ ಊರೆಲ್ಲ ಹರಿದಾಡಿತು. ಪ್ರತಿ ಮಳೆಗಾಲ ಜಲಪಾತಗಳಿಗೆ ಹೋಗಬೇಡಿ ಎಂಬ ಆದೇಶ ಬರುತ್ತದೆ. ಎಲ್ಲಿಗೆ ಹೋಗಬಹುದು ಎಂಬ ಸಲಹೆ ಮಾತ್ರ ಅದರ ಜತೆಗೆ ಬರುವುದಿಲ್ಲ.

2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಮುಗಿಬಿದ್ದರು. ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಇಲ್ಲದ ಕಡೆ ಚಾರಣವನ್ನೇ ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಊರಿಗೊಂದು ಗುಡ್ಡ, ಗುಡ್ಡಕ್ಕೊಂದು ದೇವಸ್ಥಾನ ಇರುವ ನಮ್ಮ ಕಡೆಯ ಜನರೂ ಅದೇ ನಾಲ್ಕು ಶಿಖರಗಳಿಗೆ ಮುತ್ತುವುದು ಉಳಿದ ದಾರಿಗಳ ವಿವರ ಎಲ್ಲೂ ಸಿಗದ ಕಾರಣ ಎಂದು ನನ್ನ ಅನಿಸಿಕೆ.

ಹತ್ತಿರದ ದಾರಿಗಳು ನಮ್ಮಲ್ಲಿ ಇಲ್ಲವೇ? ಬೇಕಾದಷ್ಟಿವೆ. ಮಣಿಪಾಲದ ಮಣ್ಣಪಳ್ಳ ಕೆರೆಯಿಂದಲೇ ಶುರು ಮಾಡುತ್ತೇನೆ. ಕೆರೆಯ ಸುತ್ತ ನಡೆಯುವ ದಾರಿ ಹೆಚ್ಚುಕಡಿಮೆ ಸಮತಟ್ಟು. ಅತ್ತೆಗೆ ಸುಸ್ತಾದರೆ ಅಲ್ಲೇ ಕುಳಿತುಬಿಡುತ್ತಾರೆ, ನಾವು ಒಂದು ಸುತ್ತು ಹಾಕಿ ಮತ್ತೆ ಅವರ ಬಳಿಗೇ ಬರುತ್ತೇವೆ. ಮುಂದೆ ಓಡಿದವರೂ ಹಿಂದೆ ಉಳಿದವರೂ ಕೊನೆಗೆ ಒಂದೇ ಕಡೆ ಸೇರುವುದು ಸುತ್ತು ದಾರಿಯಲ್ಲಿ ಮಾತ್ರ. ಚಾರಣದ ಪುಸ್ತಕ ಬರೆಯುವವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ತಾಯಂದಿರು ಮೊದಲು ನೋಡುವುದೇ ಇದನ್ನು.

ಅಲ್ಲಿಂದ ಎಂಡ್ ಪಾಯಿಂಟ್ ದೂರವಿಲ್ಲ. ಆ ಅಂಚಿನಲ್ಲಿ ನಿಂತರೆ ಕೆಳಗೆ ಸ್ವರ್ಣಾ ನದಿಯ ಕಣಿವೆ. ‘ಈ ನೀರು ಎಲ್ಲಿಗೆ ಹೋಗುತ್ತದೆ?’ ಎಂದು ಮಗಳು ಕೇಳಿದ್ದೇ ನಮಗೆ ಮುಂದಿನ ಭಾನುವಾರಗಳ ದಾರಿ ತೋರಿಸಿತು. ಕೆಮ್ಮಣ್ಣಿಗೆ ಹೋದೆವು. ಅಲ್ಲಿ ಹೊಳೆಗೆ ತೂಗುಸೇತುವೆ, ಅದನ್ನು ದಾಟಿದರೆ ತಿಮ್ಮಣ್ಣಕುದ್ರು ಎಂಬ ನಡುಗಡ್ಡೆ. ಇಕ್ಕೆಲದಲ್ಲೂ ತೆಂಗು, ಕೆಳಗೆ ಕೆಸರಿನಲ್ಲಿ ಒಂಟಿಕಾಲಲ್ಲಿ ನಿಂತ ಬೆಳ್ಳಕ್ಕಿ. ಸೇತುವೆ ತೂಗುವಾಗ ಅತ್ತೆ ರಾಮನಾಮ ಹೇಳಿದರು, ಮಗ ಬೇಕೆಂದೇ ಕುಣಿದ. ಆಮೇಲೊಂದು ಭಾನುವಾರ ಹೂಡೆಯಿಂದ ಕೋಡಿಬೆಂಗ್ರೆಯ ಕಡೆಗೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ನದಿ, ನಡುವಿನ ಕಿರಿದಾದ ನೆಲದಲ್ಲಿ ರಸ್ತೆ, ಮನೆಗಳು, ಒಣಹಾಕಿದ ಬಲೆ. ಇಳಿತದ ಹೊತ್ತಿಗೆ ಸೊಂಟದವರೆಗೆ ನೀರಿನಲ್ಲಿ ನಿಂತು ಹೆಂಗಸರು ಮರುವಾಯಿ ಎಂಬ ಚಿಪ್ಪುಜೀವಿ ಹೆಕ್ಕುತ್ತಿರುತ್ತಾರೆ. ಕಾಲಿನಿಂದ ಮರಳನ್ನು ತಡವಿ ಚಿಪ್ಪು ಎಲ್ಲಿದೆ ಎಂದು ತಿಳಿದುಕೊಳ್ಳುವ ಆ ಜಾಣ್ಮೆಯನ್ನು ಮಗಳು ಬಾಯಿ ತೆರೆದು ನೋಡುತ್ತ ನಿಂತಳು. ತುದಿಯಲ್ಲಿ ಸ್ವರ್ಣೆಯೂ ಸೀತಾ ನದಿಯೂ ಜತೆಗೂಡಿ ಕಡಲು ಸೇರುತ್ತವೆ. ಮಣಿಪಾಲದಲ್ಲಿ ಮೇಲಿನಿಂದ ನೋಡಿದ ನೀರು ಇದೇ ಎಂದಾಗ ಮಕ್ಕಳಿಗೆ ಅಳಿವೆ ಎಂಬ ಪಾಠದ ಅರ್ಧ ಭಾಗ ಅಲ್ಲೇ ಮುಗಿಯಿತು. ಒಂದು ಎಚ್ಚರಿಕೆ ಹೇಳಲೇಬೇಕು: ನಡೆಯಬೇಕಾದ್ದು ರಸ್ತೆಯಲ್ಲೇ, ಭಾನುವಾರ ಸಂಜೆ ಕಾರುಗಳ ಸಾಲು. ಬೆಳಿಗ್ಗೆ ಬೇಗ ಹೋದವರಿಗಷ್ಟೇ ಅದು ದಾರಿ.

ಕುಂಜಾರುಗಿರಿಯ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಏಕೆಂದರೆ ಮನೆಮಂದಿಯ ನಡಿಗೆ ಹೇಗಿರಬೇಕೆಂದು ನನಗೆ ತಿಳಿಸಿದ್ದು ಅದೇ. ಕಟಪಾಡಿಯಿಂದ ಶಿರ್ವದ ಬಸ್ಸಿನಲ್ಲಿ ಕುಳಿತು ಶಂಕರಪುರದಲ್ಲಿ ಇಳಿಯಬೇಕು. ಮಲ್ಲಿಗೆಯ ಊರು. ಅಂಗಳದಲ್ಲೆಲ್ಲ ಮಲ್ಲಿಗೆ ಗಿಡ, ಬೆಳಗಿನ ಹೊತ್ತಿನಲ್ಲಿ ಮೊಗ್ಗು ಕೊಯ್ಯುವ ಕೈಗಳು. ಕಟ್ಟಿದ ಹೂವಿನ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ ಎಂಬ ಲೆಕ್ಕವನ್ನು ಮಗ ಅಲ್ಲಿಯೇ ಕಲಿತ. ಬಾಳೆನಾರಿನಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿಯೊಬ್ಬರ ಬೆರಳಿನ ವೇಗಕ್ಕೆ ನನ್ನ ಮೆಷಿನ್ನೇ ನಾಚಬೇಕು. ಅಲ್ಲಿಂದ ಗುಡ್ಡದ ಬುಡಕ್ಕೆ ರಿಕ್ಷಾ ಸಿಗುತ್ತದೆ.

ಗುಡ್ಡದ ಮೇಲೆ ದುರ್ಗೆಯ ಗುಡಿ, ಇನ್ನೊಂದು ಗುಡ್ಡದ ಮೇಲೆ ಪರಶುರಾಮನ ಗುಡಿ, ಅಲ್ಲೇ ಹತ್ತಿರ ಮಧ್ವಾಚಾರ್ಯರು ಹುಟ್ಟಿದ ಪಾಜಕ. ಸುತ್ತಮುತ್ತ ಪರಶುತೀರ್ಥ, ಧನುಸ್ತೀರ್ಥ, ಬಾಣತೀರ್ಥ, ಗದಾತೀರ್ಥ ಎಂದು ನಾಲ್ಕು ತೀರ್ಥಗಳು. ಬಾಲಕ ವಾಸುದೇವ, ಅಂದರೆ ಮುಂದೆ ಮಧ್ವಾಚಾರ್ಯರಾದವರು, ತಾಯಿ ಕರೆದ ಕೂಡಲೇ ಗುಡ್ಡದ ಮೇಲಿನಿಂದ ಪಾಜಕಕ್ಕೆ ಜಿಗಿದರೆಂಬುದು ಐತಿಹ್ಯ, ಕಲ್ಲಿನ ಮೇಲೆ ಪುಟ್ಟ ಪಾದದ ಗುರುತನ್ನು ತೋರಿಸುತ್ತಾರೆ. ಕರೆದ ಕೂಡಲೇ ಬರುವ ಮಗ ಎಂದೊಡನೆ ನಾನು ನನ್ನ ಮಗನ ಮುಖ ನೋಡಿದೆ. ಅವನಿಗೆ ಆ ಭಾಗ ಕೇಳಿಸಲಿಲ್ಲ, ಜಿಗಿತ ಎಷ್ಟು ದೂರ ಎಂಬುದೊಂದೇ ಚಿಂತೆ. ಅತ್ತೆ ಕುಳಿತು ಕುಳಿತು ಮೆಟ್ಟಿಲು ಹತ್ತಿದರು. ಮೇಲೆ ಹೋಗಿ ಗಾಳಿಗೆ ಸೆರಗು ಹಿಡಿದುಕೊಂಡು ಪಡುವಣದ ಕಡಲಂಚನ್ನು ನೋಡಿದ ಮೇಲೆ, ಕಾಲು ನೋವಿನ ಮಾತು ಎರಡು ದಿನ ಮನೆಯಲ್ಲಿ ಕೇಳಿಬರಲಿಲ್ಲ. ಮೂರನೆಯ ದಿನ ಕೇಳಿಬಂತು, ಆ ಮಾತು ಬೇರೆ.

ಹಿಂದಿನವರು ಚಾರಣ ಎಂಬ ಹೆಸರಿಡದೆಯೇ ಎಲ್ಲ ವ್ಯವಸ್ಥೆ ಮಾಡಿದ್ದರು. ಮೆಟ್ಟಿಲಿತ್ತು, ಕುಳಿತುಕೊಳ್ಳಲು ಅಶ್ವತ್ಥಕಟ್ಟೆ ಇತ್ತು, ಕುಡಿಯಲು ಬಾವಿಯ ನೀರಿತ್ತು, ತಲೆಹೊರೆ ಇಳಿಸಲು ದಾರಿಯ ಬದಿಯಲ್ಲಿ ಎತ್ತರದ ಕಲ್ಲು ನಿಲ್ಲಿಸಿದ್ದರು. ಮುದುಕರೂ ಬಸುರಿಯರೂ ಕೂಸು ಎತ್ತಿಕೊಂಡವರೂ ನಡೆಯುತ್ತಾರೆ ಎಂಬ ಅಂದಾಜಿನಲ್ಲಿ ಕಟ್ಟಿದ ದಾರಿಗಳವು. ಇಂದು ದಾರಿ ಮಾಡುವವರ ಕಣ್ಣ ಮುಂದೆ ಇರುವುದು ಬೈಕಿನಲ್ಲಿ ಬಂದು ಫೋಟೊ ತೆಗೆದು ಹೋಗುವವನು. ಅದಕ್ಕೇ ಮೊದಲು ಸೆಲ್ಫಿ ಪಾಯಿಂಟ್ ಆಗುತ್ತದೆ, ದೊಡ್ಡಕ್ಷರದಲ್ಲಿ ಊರಿನ ಹೆಸರಿಗೆ ಕೆಂಪು ಹೃದಯ ಅಂಟಿಸುತ್ತಾರೆ. ಶೌಚಾಲಯ ಮುಂದಿನ ಅನುದಾನಕ್ಕೆ.

ಶೌಚಾಲಯದ ವಿಷಯ ಬಂತು, ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತೇನೆ. ಎಲ್ಲಿಗಾದರೂ ಹೋಗುವ ದಿನ ನಮ್ಮ ಹೆಂಗಸರು ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ನನ್ನ ಅಂಗಡಿಗೆ ಬರುವ ಹತ್ತು ಜನರನ್ನು ಕೇಳಿ, ಹತ್ತೂ ಜನ ಇದನ್ನೇ ಹೇಳುತ್ತಾರೆ. ಕರಾವಳಿಯ ಬೆವರಿನಲ್ಲಿ ನೀರು ಕುಡಿಯದೆ ಗುಡ್ಡ ಹತ್ತಿದರೆ ತಲೆ ಸುತ್ತದೆ ಇರುತ್ತದೆಯೇ? ಗಂಡಸರು ಮರದ ಮರೆಗೆ ಹೋಗಿ ಬರುತ್ತಾರೆ, ಅವರಿಗೆ ಇದು ಸಮಸ್ಯೆಯೆಂದೇ ತೋರುವುದಿಲ್ಲ. ನಾನು ಒಂದು ದಾರಿಯನ್ನು ಮನೆಮಂದಿಗೆ ತಕ್ಕದ್ದು ಎನ್ನುವ ಮೊದಲು ನೋಡುವುದು ಶೌಚಾಲಯ ಇದೆಯೇ, ಅದಕ್ಕೆ ಬೀಗ ಹಾಕಿದೆಯೇ, ಬೀಗದ ಕೈ ಯಾರ ಬಳಿ ಇದೆ ಎಂಬ ಮೂರು ಸಂಗತಿ. ಕಟ್ಟಡ ಇದ್ದು ಬೀಗದ ಕೈ ಇರುವವರು ಮದುವೆಗೆ ಹೋಗಿದ್ದ ಪ್ರಸಂಗವೂ ಉಂಟು. ಊರು ಬೇಡ, ಹೆಸರು ಬೇಡ.

ಮಂಗಳೂರಿನಲ್ಲಿರುವ ನನ್ನ ತಂಗಿಗೂ ಇದೇ ಹುಡುಕಾಟ. ಅವಳ ಮಟ್ಟಿಗೆ ಕದ್ರಿ ಗುಡ್ಡವೇ ಸಾಕು ಎನ್ನುತ್ತಾಳೆ. ಕ್ರಿ.ಶ. 968ರ ಲೋಕೇಶ್ವರನ ಕಂಚಿನ ವಿಗ್ರಹವಿರುವ ಮಂಜುನಾಥನ ದೇವಸ್ಥಾನ, ಮೇಲ್ಗಡೆ ಕೆರೆಗಳು, ಮೆಟ್ಟಿಲು ಹತ್ತಿದರೆ ಜೋಗಿ ಮಠ, ಪಾಂಡವರ ಗುಹೆ ಎಂದು ಕರೆಯುವ ಕಲ್ಲಿನ ಪೊಟರೆಗಳು. ಎಲ್ಲ ಒಂದು ಬೆಳಗಿನಲ್ಲಿ ಮುಗಿಯುತ್ತವೆ, ಸಿಟಿ ಬಸ್ಸಿನಿಂದ ಇಳಿದು ನಡೆಯಬಹುದು. ಮಕ್ಕಳಿಗೆ ದೋಣಿಯ ಆಸೆಯಾದರೆ ಸುಲ್ತಾನ್ ಬತ್ತೇರಿಯಿಂದ ಹೊಳೆ ದಾಟಿ ತಣ್ಣೀರುಬಾವಿಯ ಗಾಳಿಮರಗಳ ನೆರಳು. ಪಿಲಿಕುಳ ನಿಸರ್ಗಧಾಮ ದೊಡ್ಡದು, ಚೆನ್ನಾಗಿದೆ, ಆದರೆ ಅದಕ್ಕೆ ಇಡೀ ದಿನವೂ ಇಡೀ ಮನೆಯ ಟಿಕೆಟ್ಟಿನ ಹಣವೂ ಬೇಕು.

ಕಾರ್ಕಳದ ಗೊಮ್ಮಟಬೆಟ್ಟ ನಮಗೆ ಸ್ವಲ್ಪ ದೂರವೇ, ಆದರೂ ಸೇರಿಸುತ್ತೇನೆ. 1432ರಲ್ಲಿ ನಿಲ್ಲಿಸಿದ 42 ಅಡಿಯ ಬಾಹುಬಲಿಯನ್ನು ನೋಡಲು ಚಪ್ಪಲಿ ಬಿಟ್ಟು ಹತ್ತಬೇಕು. ಬಿಸಿಲೇರಿದ ಮೇಲೆ ಆ ಬಂಡೆ ದೋಸೆ ಕಾವಲಿ. ಹೋಗುವವರು ಎಲ್ಲರಿಗೂ ದಪ್ಪ ಕಾಲುಚೀಲ ಒಯ್ಯಿರಿ. ಎದುರಿನ ದಿಬ್ಬದ ಮೇಲೆ 1586ರ ಚತುರ್ಮುಖ ಬಸದಿ ಇದೆ, ನಾಲ್ಕೂ ಕಡೆ ಬಾಗಿಲು, ಕಲ್ಲಿನ ಕಂಬಗಳ ತಂಪು. ಸುಟ್ಟ ಕಾಲಿಗೆ ಅದೇ ಔಷಧಿ.

ಇವೆಲ್ಲ ಹೆಸರಿರುವ ಜಾಗಗಳಾದವು. ನನಗೆ ಅತಿ ಪ್ರೀತಿಯ ನಡಿಗೆ ಹೆಸರಿಲ್ಲದ ಮುರಕಲ್ಲಿನ ಪದವಿನ, ಅಂದರೆ ಕೆಂಪುಕಲ್ಲಿನ ಎತ್ತರದ ಬಯಲಿನ, ಮೇಲಿನದು. ಬೇಸಿಗೆಯಲ್ಲಿ ಅದು ಬರೀ ಕಪ್ಪು ಬಂಜರು. ಮಳೆ ಕಡಿಮೆಯಾಗಿ ಸೋಣ ತಿಂಗಳು, ಅಂದರೆ ಆಗಸ್ಟ್-ಸೆಪ್ಟೆಂಬರ್, ಬಂದಾಗ ನೋಡಬೇಕು, ಹೊಸ್ತಿಲ ಪೂಜೆಗೆ ಹೂ ತರಲು ಅತ್ತೆ ಚಿಕ್ಕಂದಿನಲ್ಲಿ ಹೋಗುತ್ತಿದ್ದುದು ಇಂಥದೇ ಪದವಿಗೆ. ಕಲ್ಲಿನ ತಗ್ಗಿನಲ್ಲಿ ನಿಂತ ನೀರಿನ ಅಂಚಿಗೆ ಮೊಣಕಾಲೂರಿ ಬಗ್ಗಿದರೆ ಬೆರಳುದ್ದದ ಕೆಂಪು ಗಿಡ ಕಾಣಿಸುತ್ತದೆ. ಎಲೆಯ ಮೇಲೆಲ್ಲ ಕೂದಲು, ಪ್ರತಿ ಕೂದಲಿನ ತುದಿಯಲ್ಲೂ ಒಂದು ಅಂಟು ಹನಿ. ಇಬ್ಬನಿ ಎಂದು ಬಂದು ಕೂತ ನುಸಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಗಿಡ ಅದನ್ನು ಅರಗಿಸಿಕೊಳ್ಳುತ್ತದೆ. ಡ್ರೊಸೆರಾ ಎಂದು ಮಗಳ ಟೀಚರ್ ಹೆಸರು ಹೇಳಿದರು. ಮುರಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ಸಾರವಿಲ್ಲದ್ದರಿಂದ ಹೀಗೆ ಹುಳು ಹಿಡಿದು ಬದುಕುತ್ತದಂತೆ. ಇಂಥದ್ದನ್ನು ನೋಡಲು ಟಿಕೆಟ್ ಬೇಡ, ಬೆಟ್ಟ ಹತ್ತಬೇಕಿಲ್ಲ. ಬಗ್ಗಬೇಕು ಅಷ್ಟೆ.

ಆದರೆ ಅದೇ ಪದವಿನಲ್ಲಿ ಕೈಬಿಟ್ಟ ಕೆಂಪುಕಲ್ಲಿನ ಕೋರೆಗಳಿವೆ. ಯಂತ್ರದಲ್ಲಿ ಕೊಯ್ದದ್ದರಿಂದ ಗೋಡೆ ನೆಟ್ಟಗೆ, ಹಿಡಿದುಕೊಳ್ಳಲು ಏನೂ ಇಲ್ಲ. ಮಳೆನೀರು ತುಂಬಿದರೆ ಆಳ ತಿಳಿಯುವುದಿಲ್ಲ. ಬೇಲಿ ಇಲ್ಲ, ಎಚ್ಚರಿಕೆಯ ಫಲಕವಿಲ್ಲ. ಇಂಥ ಹೊಂಡಗಳಿಗೆ ಮಕ್ಕಳು ಬಿದ್ದ ಸುದ್ದಿಯನ್ನು ತಾವೇ ಅಚ್ಚು ಹಾಕಿದ್ದೀರಿ. ಮಳೆಗಾಲದಲ್ಲಿ ಮುರಕಲ್ಲಿನ ಮೇಲೆ ಹಾವಸೆ ಬೆಳೆದು ಜಾರುತ್ತದೆ. ಬಯಲಾದ್ದರಿಂದ ಮಳೆ ಹಿಡಿಯುವ ಮುಂಚೆ ಮತ್ತು ಬಿಡುವ ಹೊತ್ತಿನಲ್ಲಿ ಮಧ್ಯಾಹ್ನದ ಮೇಲೆ ಸಿಡಿಲಿನ ಭಯ. ಇದೆಲ್ಲ ಊರಿನ ದನ ಮೇಯಿಸುವವರಿಗೆ ಗೊತ್ತು, ಹೊರಗಿನಿಂದ ಬಂದ ತಾಯಿಗೆ ಹೇಳುವವರು ಯಾರು?

ಇನ್ನೊಂದು ನೋವಿನ ಸಂಗತಿ ದಾರಿಗಳೇ ಕಾಣೆಯಾಗುತ್ತಿರುವುದು. ನಾನು ಶಾಲೆಗೆ ಹೋಗುತ್ತಿದ್ದುದು ಗದ್ದೆಯ ಕಟ್ಟಪುಣಿಯ ಮೇಲೆ, ತೋಡಿಗೆ ಹಾಕಿದ ಅಡಿಕೆ ಮರದ ಸಂಕ ದಾಟಿ, ಎರಡು ತೋಟಗಳ ತಡಮೆ ಹತ್ತಿಳಿದು. ದನ ನುಗ್ಗಬಾರದು, ಮನುಷ್ಯ ಹಾಯಬೇಕು, ಅದಕ್ಕಾಗಿ ತಡಮೆ. ಈಗ ತಡಮೆಯ ಜಾಗದಲ್ಲಿ ಆಳೆತ್ತರದ ಕಂಪೌಂಡು. ಜಾಗದವರನ್ನು ದೂರಿ ಫಲವಿಲ್ಲ, ಅವರ ಜಾಗ ಅವರಿಗೆ. ಆದರೆ ಭೂಮಾಪನ ಇಲಾಖೆಯ ಗ್ರಾಮ ನಕಾಶೆಯಲ್ಲಿ ಕಾಲುದಾರಿಗಳನ್ನು ಚುಕ್ಕೆಗೆರೆಯಲ್ಲಿ ಗುರುತಿಸಿರುತ್ತಾರೆ. ಪಂಚಾಯಿತಿಯವರು ಆ ನಕಾಶೆಯನ್ನು ಒಮ್ಮೆ ಗ್ರಾಮಸಭೆಯಲ್ಲಿ ಬಿಡಿಸಿ ನೋಡಲಿ. ಇನ್ನೂ ತೆರೆದಿರುವ ದಾರಿ ಯಾವುದು, ಮುಚ್ಚಿದ್ದು ಯಾವುದು, ಜಾಗದವರ ಒಪ್ಪಿಗೆಯಿಂದ ಮತ್ತೆ ಒಂದು ತಡಮೆ ಇಡಬಹುದೇ ಎಂದು ಕೇಳಲಿ. ಕೆಲವರು ಒಪ್ಪುವುದಿಲ್ಲ, ಒಪ್ಪುವವರೂ ಇದ್ದಾರೆ.

ಪ್ರವಾಸೋದ್ಯಮ ಇಲಾಖೆಗೂ ಪಂಚಾಯಿತಿಗಳಿಗೂ ನನ್ನ ಬೇಡಿಕೆ ದೊಡ್ಡದೇನಲ್ಲ. ದಾರಿಯ ತಲೆಯಲ್ಲಿ ಒಂದು ಫಲಕ. ಹೋಗಿ ಬರಲು ಚಿಕ್ಕ ಮಗುವಿನ ನಡಿಗೆಯಲ್ಲಿ ಎಷ್ಟು ಹೊತ್ತು. ಮೆಟ್ಟಿಲು ಎಲ್ಲಿಂದ ಎಲ್ಲಿಯವರೆಗೆ. ಕುಳಿತುಕೊಳ್ಳುವ ಜಾಗ, ಕುಡಿಯುವ ನೀರು, ಶೌಚಾಲಯ ಎಲ್ಲಿ. ಯಾವ ತಿಂಗಳು ಬರಬಾರದು, ಯಾವ ಕಡೆ ಕೋರೆ ಇದೆ. ಕೊನೆಯ ಬಸ್ಸು ಎಷ್ಟು ಗಂಟೆಗೆ. ಸಾಕು. ಶಾಸಕರ ಭಾವಚಿತ್ರ ಇಲ್ಲದಿದ್ದರೂ ನಡೆಯುತ್ತದೆ. ಫ್ಲೆಕ್ಸ್ ಬೇಡ, ಒಂದು ಮಳೆಗಾಲಕ್ಕೆ ಹರಿದು ತೋಡು ಸೇರುತ್ತದೆ, ಕಲ್ಲಿಗೆ ಬಣ್ಣ ಬಳಿದು ಬರೆಸಿದರೂ ಓದುತ್ತೇವೆ. ಫಲಕದ ನೆಪದಲ್ಲಿ ಮಣ್ಣಿನ ದಾರಿಗೆ ಇಂಟರ್‌ಲಾಕ್ ಹಾಸುವ ಉಪಕಾರ ಮಾತ್ರ ಬೇಡ. ಅತ್ತೆಯ ಮೊಣಕಾಲಿಗೆ ಮೆತ್ತನೆಯ ಮಣ್ಣೇ ಹಿತ.

ತಮ್ಮಲ್ಲೂ ಒಂದು ವಿನಂತಿ. ಶನಿವಾರದ ಸಂಚಿಕೆಯಲ್ಲಿ ಅಂಗೈಯಗಲದ ಜಾಗ ಕೊಡಿ. ಪ್ರತಿ ವಾರ ಒಂದು ಊರಿನ ಓದುಗರು ತಮ್ಮ ಊರಿನ ಒಂದು ದಾರಿಯ ಬಗ್ಗೆ ಮೇಲೆ ಹೇಳಿದಷ್ಟೇ ವಿವರ ಬರೆಯಲಿ, ವರ್ಣನೆ ಬೇಡ, ಬಸ್ಸಿನ ಸಮಯ ಇರಲಿ. ಬೆಳ್ಮಣ್ಣಿನವರಿಗೆ ಬೆಳ್ಮಣ್ಣು ಗೊತ್ತು, ಬಾರಕೂರಿನವರಿಗೆ ಬಾರಕೂರು ಗೊತ್ತು. ಮೊದಲ ವಾರಕ್ಕೆ ಮಣ್ಣಪಳ್ಳದ ವಿವರವನ್ನು ನಾನೇ ಬರೆದು ಕಳುಹಿಸುತ್ತೇನೆ, ನವರಾತ್ರಿಯ ಬ್ಲೌಸುಗಳ ಗಡಿಬಿಡಿ ಮುಗಿದ ಮೇಲೆ.

ಇಂತಿ,
ಹೊಲಿಗೆ ಅಂಗಡಿಯ ಓರ್ವ ಓದುಗಿ
ಪರ್ಕಳ, ಉಡುಪಿ